ಹೊರಗೆ ಹಾಕಿದ ಮೇಲೆ

ರಾಂಪುರದ ಹತ್ತಿರದ ಶಾಲೆಯೊಂದರಲ್ಲಿ ಏಳನೇ ತರಗತಿಗೆ ವಿದ್ಯುತ್ಪ್ರವಾಹದ ಪಾಠ ಮಾಡುತ್ತಿದ್ದೆ. ಪಾತ್ರಾಭಿನಯದ ಪಾಠಯೋಜನೆ. ಮಕ್ಕಳು ಸಾಲಾಗಿ 'ಕೋಶ'ದಿಂದ ಒಂದೊಂದು ಶೇಂಗಾಬೀಜ ಒಯ್ದು 'ಬಲ್ಬ್'ಗೆ ಕೊಟ್ಟು ಸುತ್ತಿ ಬರಬೇಕು. ಮೂರನೇ ಸುತ್ತಿಗೆ ಒಬ್ಬ ಹುಡುಗ ಅಡ್ಡ ನಿಂತು, ಬೀಜ ಕಿತ್ತುಕೊಂಡು ತಿನ್ನತೊಡಗಿದ. ಅವನನ್ನು ಬಾಗಿಲಾಚೆ ನಿಲ್ಲಿಸಿದೆ. ನನ್ನ ಅವಲೋಕನ ಹಾಳೆಯಲ್ಲಿ 'ತರಗತಿ ನಿಯಂತ್ರಣ ಉತ್ತಮ' ಎಂದು ಬಂತು.

ಬಿಡುವಿನಲ್ಲಿ ಅವನನ್ನು ಮಾತಾಡಿಸಿದೆ. ಮೊಬೈಲ್ ಆಟದಲ್ಲೂ ಹೀಗೇ ಮಾಡುತ್ತಾನಂತೆ. "ಅಲ್ಲಿ ಬ್ಯಾನ್ ಮಾಡಿದ್ರೆ ಬೇರೆ ಐಡಿ ಮಾಡ್ಕಂತೀನಿ ಮಿಸ್. ಇಲ್ಲಿ ಏನ್ ಮಾಡ್ಲಿ?" ಎಂದ. ನನ್ನ ಹತ್ತಿರ ಉತ್ತರವಿರಲಿಲ್ಲ.

ನಮ್ಮ ಮಕ್ಕಳು ಪಾತ್ರ ವಹಿಸಿ ಆಡುವುದನ್ನು ಈಗ ಫೋನಿನಲ್ಲೇ ಕಲಿಯುತ್ತಿದ್ದಾರೆ. ರೋಬ್ಲಾಕ್ಸ್‌ನ ಬ್ರೂಕ್‌ಹೇವನ್ ಎಂಬ ಊರಿನಲ್ಲಿ ಒಬ್ಬ ಪೊಲೀಸ್, ಇನ್ನೊಬ್ಬಳು ಡಾಕ್ಟರ್. ಮನೆ ಹಾಕಿಕೊಂಡವರು ತಮಗೆ ಬೇಡದವರನ್ನು ಮನೆಯಿಂದ ಬ್ಯಾನ್ ಮಾಡಬಹುದು. ಆಟಕ್ಕೆ ಅದು ಸಾಕು. ಶಾಲೆಗೆ ಸಾಲದು, ಹೊರಗೆ ಹೋದವನು ನಾಳೆ ಅದೇ ಬೆಂಚಿಗೆ ಬರಬೇಕು, ಅದೇ ಪಾಠ ಕಲಿಯಬೇಕು.

ಇಂಥ ಆನ್‌ಲೈನ್ ಆಟಗಳ ಮೂಲಪುರುಷ ಎನ್ನಬಹುದಾದ 'ಮಡ್' 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ರಿಚರ್ಡ್ ಬಾರ್ಟಲ್ 1996ರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸಾಧಿಸಲು ಬಂದವರು, ಹುಡುಕಾಡಲು ಬಂದವರು, ಬೆರೆಯಲು ಬಂದವರು, ಬೇರೆಯವರ ಮೇಲೆ ಬೀಳಲು ಬಂದವರು. ಕೊನೆಯ ಗುಂಪನ್ನೂ ಅವರು ಲೆಕ್ಕದಿಂದ ಹೊರಗಿಡಲಿಲ್ಲ. ನಾಲ್ಕೂ ಬಗೆಯವರ ನಡುವೆ ತೂಕ ಹೇಗೆ ಕಾಯಬೇಕು ಎಂಬುದೇ ಅವರ ಪ್ರಶ್ನೆಯಾಗಿತ್ತು.

ಮುಂದಿನ ಪಾಠದಲ್ಲಿ ಆ ಹುಡುಗನಿಗೆ 'ಫ್ಯೂಸ್' ಪಾತ್ರ ಕೊಟ್ಟೆ. ಒಮ್ಮೆಲೇ ಹೆಚ್ಚು ಮಂದಿ ನುಗ್ಗಿದರೆ ಅವನು ಕುಳಿತುಬಿಡಬೇಕು, ಮಂಡಲ ಕಡಿದುಹೋಗಬೇಕು. ಅವನು ಸುಮ್ಮಸುಮ್ಮನೆ ಎರಡು ಸಲ ಕುಳಿತ! "ಇಷ್ಟಕ್ಕೆಲ್ಲ ಫ್ಯೂಸ್ ಹೋಗಲ್ಲ" ಎಂದು ಉಳಿದವರು ಜಗಳಕ್ಕೆ ಬಿದ್ದರು. ನಾನು ಕಲಿಸಬೇಕಾದದ್ದನ್ನು ಆ ಜಗಳವೇ ಕಲಿಸಿತು. ಗದ್ದಲವೇನೋ ಆಯಿತು, ಅಂಕವೂ ಕಡಿಮೆ ಬಂತು.

ಆದರೆ ಎಲ್ಲ ತಂಟೆಗೂ ಇದು ಮದ್ದಲ್ಲ. ನಮ್ಮ ಕಡೆಯ ಬಯಲಾಟದಲ್ಲಿ ರಾಕ್ಷಸ ಎಷ್ಟು ಅಬ್ಬರಿಸಿದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅದೇ ವೇಷದಲ್ಲಿ ಮುಂದೆ ಕುಳಿತವರ ಜಾತಿ ಎತ್ತಿ ಬೈದರೆ ಅದು ಪಾತ್ರವಲ್ಲ, ಮನುಷ್ಯನೇ ಬೈದದ್ದು. ಅದೇ ತರಗತಿಯ ಹುಡುಗಿಯೊಬ್ಬಳ ಬಣ್ಣದ ಮೇಲೆ ರಾತ್ರಿ ಆಟದ ಚಾಟ್‌ನಲ್ಲಿ ಇಟ್ಟ ಅಡ್ಡಹೆಸರು ಬೆಳಗ್ಗೆ ತರಗತಿಗೂ ಬಂತು. ಅಲ್ಲಿ ನಾನು ಉಪಾಯ ಹುಡುಕಲಿಲ್ಲ. ಪಾಠ ನಿಲ್ಲಿಸಿದೆ, ಹಾಗೆ ಕರೆದವರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿದೆ, ಮಾರ್ಗದರ್ಶಕ ಶಿಕ್ಷಕರಿಗೆ ತಿಳಿಸಿದೆ. ಏನಾಗಬೇಕೆಂದು ಆ ಹುಡುಗಿಯನ್ನೇ ಕೇಳಿದೆ. ಜಾಗ ಬದಲಿಸಿದರೆ ಸಾಕು ಎಂದಳು. ಅವಳದ್ದಲ್ಲ, ಅವರದ್ದು.

ಮೊದಲನೆಯದು ಆಟದೊಳಗಿನ ತಂಟೆ, ಎರಡನೆಯದು ಒಬ್ಬಳ ಮೇಲಿನ ದಾಳಿ. ನಮ್ಮ ಅವಲೋಕನ ಹಾಳೆಯಲ್ಲಿ ಎರಡಕ್ಕೂ ಇರುವುದು 'ತರಗತಿ ನಿಯಂತ್ರಣ' ಎಂಬ ಒಂದೇ ಅಂಕಣ. ತರಗತಿ ಸದ್ದಿಲ್ಲದಿದ್ದರೆ ಅಲ್ಲಿ ಪೂರ್ಣ ಅಂಕ. ನಮ್ಮ ಉಪನ್ಯಾಸಕರಲ್ಲಿ ನನ್ನ ಕೋರಿಕೆ ಇಷ್ಟೆ: ಅದರ ಪಕ್ಕದಲ್ಲಿ ಇನ್ನೊಂದು ಅಂಕಣ ಬರಲಿ. ಹೊರಗೆ ಕಳಿಸಿದ ಮಗುವಿಗೆ ಕಾರಣ ಹೇಳಿದಿರಾ, ಅದು ಎಷ್ಟು ಹೊತ್ತಿಗೆ ಒಳಗೆ ಬಂತು, ಬಂದ ಮೇಲೆ ಅದಕ್ಕೆ ಯಾವ ಕೆಲಸ ಕೊಟ್ಟಿರಿ ಎಂದು ಬರೆಯಲು.