ಬ್ರೇಕ್ ದೀಪ ಉರಿದ್ರೂ ಎಸಿಗೆ ಗ್ಯಾಸ್: ಹಳೆ ಕಾರಿನ ಖರ್ಚಿನ ಲೆಕ್ಕ ತಪ್ಪೋದೆಲ್ಲಿ?

ತೀರ್ಥಹಳ್ಳಿ: ಹಳೆ ಕಾರು ಇಟ್ಟುಕೊಳ್ಳೋದು ಈಗ ಮೊದಲಿನಷ್ಟು ಅಗ್ಗ ಅಲ್ಲ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ. ಅದನ್ನು ಇನ್ನೈದು ವರ್ಷಕ್ಕೆ ನವೀಕರಿಸುವ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯ್ತು. 20 ವರ್ಷ ದಾಟಿದ ಕಾರಿಗೆ ಅದನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 10,000ಕ್ಕೆ ಏರಿಸಿತು. ಅದರ ಮುಂದಿನ ತಿಂಗಳೇ ಸಣ್ಣ ಕಾರುಗಳ ಜಿಎಸ್‌ಟಿ 18 ಪರ್ಸೆಂಟ್‌ಗೆ ಇಳೀತು. ಹೊಸದು ತಗೊಳ್ಳೋಕೆ ಆದವರು ಹಳೇದನ್ನು ಮಾರ್ತಾರೆ. ಆಗದವರು ಶುಲ್ಕ ಕಟ್ಟಿ ಅದನ್ನೇ ಓಡಿಸ್ತಾರೆ.

ಎರಡೂ ಕಡೆ ಗಾಡಿ ಮೊದಲು ಹೋಗೋದು ಗ್ಯಾರೇಜಿಗೆ. ಅಲ್ಲಿ ಹಳೆ ಕಾರಿನವರ ಬಾಯಲ್ಲಿ ಬರೋ ಎರಡು ದೂರು ಅಂದ್ರೆ ಡ್ಯಾಶ್‌ಬೋರ್ಡಲ್ಲಿ ಕೆಂಪು ಬ್ರೇಕ್ ದೀಪ ಆರ್ತಿಲ್ಲ, ಎಸಿ ತಣ್ಣಗಾಗ್ತಿಲ್ಲ. ಸೆಕೆ ಮೈಗೆ ತಟ್ಟುತ್ತೆ, ದೀಪ ತಟ್ಟಲ್ಲ. ಹಾಗಾಗಿ ದುಡ್ಡು ಮೊದಲು ಎಸಿಗೆ ಹೋಗುತ್ತೆ. ಆಗುಂಬೆಯ 14 ತಿರುವು ಇಳಿದು ಉಡುಪಿ, ಮಣಿಪಾಲಕ್ಕೆ ಹೋಗಿ ಬರೋ ತಾಲೂಕಿನಲ್ಲಿ ಈ ಲೆಕ್ಕ ಸರಿ ಅಲ್ಲ.

ಕೆಂಪು ದೀಪ ಏನು ಹೇಳುತ್ತೆ?

ಹಳೆ ಕಾರುಗಳಲ್ಲಿ ಆ ದೀಪ ಉರಿಯೋಕೆ ಮುಖ್ಯ ಕಾರಣ ಎರಡೇ. ಒಂದು, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿಲ್ಲ ಅಥವಾ ಅದರ ಸ್ವಿಚ್ಚು ಕೆಟ್ಟಿದೆ. ಎರಡು, ಬ್ರೇಕ್ ಆಯಿಲ್ ಕಡಿಮೆ ಆಗಿದೆ.

ಮೊದಲನೇದನ್ನು ಮನೆಯಲ್ಲೇ ನೋಡಬಹುದು. ಹ್ಯಾಂಡ್‌ಬ್ರೇಕ್ ಲಿವರನ್ನು ಸ್ವಲ್ಪ ಮೇಲೆ ಕೆಳಗೆ ಆಡಿಸಿದಾಗ ದೀಪ ಮಿಣುಕಿದ್ರೆ ಸ್ವಿಚ್ಚಿನ ಮೇಲೆ ಅನುಮಾನ ಪಡಬೇಕು. ಮಲೆನಾಡಿನ ಥಂಡಿಗೆ ಸ್ವಿಚ್ಚು ತುಕ್ಕು ಹಿಡಿಯೋದು, ಇಲಿ ವೈರ್ ಕಡಿಯೋದು ಹೊಸದೇನಲ್ಲ. ಇದು ಸಣ್ಣ ಖರ್ಚು.

ಎರಡನೇದು ಹಾಗಲ್ಲ. ಬ್ರೇಕ್ ಆಯಿಲ್ ಇಂಜಿನ್ ಆಯಿಲ್ ಥರ ಖರ್ಚಾಗಲ್ಲ. ಮಟ್ಟ ಇಳಿದಿದೆ ಅಂದ್ರೆ ಪ್ಯಾಡ್ ಸವೆದಿರಬೇಕು, ಇಲ್ಲ ಎಲ್ಲೋ ಸೋರ್ತಿರಬೇಕು. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬರುತ್ತೆ, ಡಬ್ಬಿಯ ಆಯಿಲ್ ಅಲ್ಲಿ ಹೋಗಿ ನಿಲ್ಲುತ್ತೆ. ಆಗ ಮೇಲಿಂದ ಆಯಿಲ್ ಸುರಿದ್ರೆ ದೀಪ ಆರುತ್ತೆ, ಪ್ಯಾಡ್ ಮಾತ್ರ ಸವೆದೇ ಇರುತ್ತೆ. ಘಾಟಿ ಇಳಿಯುವಾಗ, ತಿರುವಲ್ಲಿ ಮಾತ್ರ ದೀಪ ಉರಿದು ನೇರ ರಸ್ತೆಗೆ ಬಂದ ಮೇಲೆ ಆರಿದ್ರೆ ಆಯಿಲ್ ಕನಿಷ್ಠ ಗೆರೆ ಹತ್ತಿರ ಬಂದಿದೆ ಅಂತ ಲೆಕ್ಕ.

ಸೋರಿಕೆ ನೋಡೋಕೆ ಚಕ್ರದ ಒಳಮೈ ನೋಡಬೇಕು. ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರ್ ಸೋರಿದ್ರೆ ಟೈರಿನ ಒಳಬದಿ ಒದ್ದೆ ಕಾಣುತ್ತೆ. ಬ್ರೇಕ್ ಒತ್ತಿ ಹಿಡಿದಾಗ ಪೆಡಲ್ ನಿಧಾನಕ್ಕೆ ಕೆಳಗೆ ಇಳೀತಾ ಹೋದ್ರೆ ಗಾಡಿ ಅಲ್ಲೇ ನಿಲ್ಲಬೇಕು. ಹೊರಗೆ ಒಂದು ಹನಿ ಸೋರದೆಯೂ ಮಾಸ್ಟರ್ ಸಿಲಿಂಡರ್ ಒಳಗೇ ಕೆಟ್ಟಿರಬಹುದು.

ಬ್ಯಾಟರಿ ದೀಪ, ಬ್ರೇಕ್ ದೀಪ ಎರಡೂ ಒಟ್ಟಿಗೆ ಮಂದವಾಗಿ ಉರಿದ್ರೆ ಮೊದಲು ಚಾರ್ಜಿಂಗ್ ನೋಡಿಸಬೇಕು. ಕೆಲವು ಹಳೆ ಕಾರಲ್ಲಿ ಆಲ್ಟರ್ನೇಟರ್ ಕೆಟ್ಟರೂ ಹೀಗಾಗುತ್ತೆ. ಎಬಿಎಸ್ ಇರೋ ಕಾರಲ್ಲಿ ಹಳದಿ ದೀಪ ಒಂದೇ ಉರಿದ್ರೆ ಸಾಮಾನ್ಯವಾಗಿ ಮಾಮೂಲಿ ಬ್ರೇಕ್ ಇರುತ್ತೆ, ಎಬಿಎಸ್ ಇರಲ್ಲ. ಹಳದಿ, ಕೆಂಪು ಎರಡೂ ಉರಿದ್ರೆ ಗಾಡಿ ಮುಂದೆ ಓಡಿಸಬಾರದು. ಎಲ್ಲ ಹೊಸ ಕಾರಿಗೂ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಿಂದಿನ ಕಡಿಮೆ ಬೆಲೆಯ ಎಷ್ಟೋ ಕಾರುಗಳಲ್ಲಿ ಅದು ಇಲ್ಲವೇ ಇಲ್ಲ.

ಎಲ್ಲದಕ್ಕೂ ಗ್ಯಾಸ್ ಮದ್ದಲ್ಲ

ಎಸಿ ತಣ್ಣಗಾಗದಿದ್ರೆ "ಗ್ಯಾಸ್ ಹಾಕಿಸಿ" ಅನ್ನೋದು ಸುಲಭದ ಉತ್ತರ. ಆದ್ರೆ ಆ ಗ್ಯಾಸು ಪೆಟ್ರೋಲಿನಂತೆ ಉರಿದು ಖಾಲಿಯಾಗಲ್ಲ. ಪ್ರತಿ ಬೇಸಿಗೆಗೂ ಹಾಕಿಸಬೇಕಾಗ್ತಿದೆ ಅಂದ್ರೆ ತೂತು ಇದೆ ಅಂತ ಅರ್ಥ. ಪೈಪಿನ ಜಾಯಿಂಟಲ್ಲಿ ಎಣ್ಣೆ ಜಿಡ್ಡು ಕಂಡ್ರೆ ಸೋರಿಕೆ ಅಲ್ಲೇ ಇರಬಹುದು. ಸೋರಿಕೆ ಹುಡುಕಿ, ಸರಿಮಾಡಿ, ವ್ಯಾಕ್ಯೂಮ್ ಎಳೆದು ಆಮೇಲೆ ಗ್ಯಾಸ್ ತುಂಬೋದು ಸರಿಯಾದ ಕ್ರಮ.

ಲಕ್ಷಣ ಹೇಳಿದ್ರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಓಡುವಾಗ ತಣ್ಣಗೆ, ನಿಂತಾಗ ಬಿಸಿಗಾಳಿ ಅಂದ್ರೆ ಕಂಡೆನ್ಸರ್ ಫ್ಯಾನ್ ನೋಡಬೇಕು, ಇಲ್ಲ ಅದರ ಮುಂದೆ ಕೆಸರು ಕಟ್ಟಿರಬೇಕು. ಬ್ಲೋವರ್ ಕೊನೆ ಸ್ಪೀಡಲ್ಲಿ ಮಾತ್ರ ಓಡಿದ್ರೆ ಹೆಚ್ಚಿನ ಸಲ ರೆಸಿಸ್ಟರ್ ಸುಟ್ಟಿರುತ್ತೆ. ಗಾಳಿಯೇ ಕಡಿಮೆ ಇದ್ರೆ ಫಿಲ್ಟರ್ ಕಟ್ಟಿದೆ. ಪಕ್ಕದ ಸೀಟಿನವರ ಕಾಲ ಬುಡದಲ್ಲಿ ನೀರು ನಿಂತ್ರೆ ಎಸಿ ನೀರು ಹೊರಹೋಗೋ ಪೈಪ್ ಕಟ್ಟಿರೋ ಸಾಧ್ಯತೆ ಜಾಸ್ತಿ. ಇವಕ್ಕೆಲ್ಲ ಗ್ಯಾಸ್ ತುಂಬಿಸಿದ್ರೆ ದುಡ್ಡು ಹೋಗುತ್ತೆ, ತೊಂದರೆ ಉಳಿಯುತ್ತೆ.

ಹಾಗಂತ ಎಸಿ ಬರೀ ಶೋಕಿ ಅಲ್ಲ. ಎಸಿ ಗಾಳಿಯ ತೇವ ತೆಗೆಯುತ್ತೆ. ಮಳೆಗಾಲದಲ್ಲಿ ನಾಲ್ಕು ಜನ ಕೂತು ಗ್ಲಾಸ್ ಏರಿಸಿದ್ರೆ ಮುಂದಿನ ಗಾಜು ಮಸುಕಾಗುತ್ತೆ. ಅದನ್ನು ಬೇಗ ತಿಳಿಯಾಗಿಸೋದು ಎಸಿಯೇ. ಆಗ ಒಳಗಿನ ಗಾಳಿಯನ್ನೇ ತಿರುಗಿಸೋ ಬಟನ್ ಆಫ್ ಇಟ್ಟು ಹೊರಗಿನ ಗಾಳಿ ಬಿಡಬೇಕು. ಆ ಲಿವರ್ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ರೆ ಕೇಬಲ್ ಸರಿಮಾಡಿಸಲೇಬೇಕು. ಮಂಜು ಕವಿದ ಘಾಟಿಯಲ್ಲಿ ರಸ್ತೆ ಕಾಣದೇ ಇರೋದೂ ಬ್ರೇಕ್ ಇಲ್ಲದಷ್ಟೇ ಅಪಾಯ.

ಬಲ್ಬ್ ಕಿತ್ತರೆ ರಿಪೇರಿ ಆಗಲ್ಲ

ದೊಡ್ಡ ಅಪಾಯ ಇರೋದು ಮಾರಾಟದಲ್ಲಿ. ದೀಪ ಆರಿಸೋಕೆ ಬಲ್ಬ್ ತೆಗೆದ್ರೂ ಸಾಕು, ವೈರ್ ಕತ್ತರಿಸಿದ್ರೂ ಸಾಕು. ನೋಡೋರಿಗೆ ಡ್ಯಾಶ್‌ಬೋರ್ಡ್ ಕ್ಲೀನ್. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋರು ಕೀ ಆನ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ದೀಪ ಉರಿಯುತ್ತಾ ಅಂತ ನೋಡಬೇಕು. ಇಳಿಸಿದಾಗ ಆರಬೇಕು. ಉರಿಯೋದೇ ಇಲ್ಲ ಅಂದ್ರೆ ಬೆಲೆ ಮಾತಾಡೋ ಮೊದಲು ಕಾರಣ ಕೇಳಬೇಕು.

ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತಲೂ ಕೇಳಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಮಾನದಂಡ. ತೇವ ಹೀರಿದ ಆಯಿಲ್‌ಗೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತೆ. ಉದ್ದದ ಇಳಿಜಾರಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಬಂದ್ರೆ ಆಯಿಲ್ ಕುದಿದು ಆವಿಯಾಗುತ್ತೆ, ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತೆ. ಅಂಗಡಿ ಮಾಲು ತುಂಬಿದ ವ್ಯಾನಿಗೆ ಇದು ಇನ್ನೂ ಬೇಗ ಆಗಬಹುದು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಘಾಟಿ ಇಳಿಯುವಾಗ ಸೆಕೆಂಡ್ ಗೇರಲ್ಲಿ ಬಂದ್ರೆ ಈ ಅಪಾಯ ಬಹಳ ಕಡಿಮೆ ಆಗುತ್ತೆ.

ಶುಲ್ಕಕ್ಕೆ ಐದು, ಹತ್ತು ಸಾವಿರ ಕಟ್ಟೋರು ಅದಕ್ಕೂ ಮೊದಲು ಬ್ರೇಕಿಗೆ ದುಡ್ಡು ತೆಗೆದಿಡಬೇಕು. ಮೊದಲು ಬ್ರೇಕ್, ಆಮೇಲೆ ಗಾಜಿನ ಮಸುಕು ತೆಗೆಯೋ ಗಾಳಿ, ತಂಪು ಕೊನೆಗೆ. ಗ್ಯಾರೇಜಲ್ಲೂ "ದೀಪ ಆರಿಸಿಕೊಡಿ" ಅನ್ನೋ ಬದಲು "ದೀಪ ಯಾಕೆ ಉರೀತಿದೆ, ಕಳಚಿದ ಪ್ಯಾಡ್ ತೋರಿಸಿ" ಅಂತ ಕೇಳಿದ್ರೆ ಅರ್ಧ ಖರ್ಚು ಉಳಿಯುತ್ತೆ.