ಆಮೆಮರಿ ತರುವ ಮುನ್ನ

ಮಕ್ಕಳೇ, ಅಲಂಕಾರದ ಮೀನು ಮಾರುವ ಅಂಗಡಿಯಲ್ಲಿ ಒಂದು ಪುಟ್ಟ ಆಮೆಯನ್ನು ನೀವು ನೋಡಿರಬಹುದು. ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಹಸಿರು ಬೆನ್ನು, ಕಣ್ಣಿನ ಹಿಂದೆ ಕೆಂಪು ಪಟ್ಟೆ. ಕೆಂಪುಕಿವಿಯ ಆಮೆ ಎಂದು ಅದರ ಹೆಸರು, ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ಒಂದು ಗಾಜಿನ ಬಟ್ಟಲು, ನಾಲ್ಕು ಬಣ್ಣದ ಕಲ್ಲು ಇದ್ದರೆ ಸಾಕು ಎಂದು ಹೇಳಿ ಕೊಟ್ಟುಬಿಡುತ್ತಾರೆ. ಅಷ್ಟು ಸಾಲದು. ಯಾಕೆಂದು ಲೆಕ್ಕ ಹಾಕಿ ನೋಡೋಣ.

ಮೊದಲು ಜಾಗ. ಈ ಆಮೆಯ ಹೆಣ್ಣು ಬೆಳೆದರೆ ಚಿಪ್ಪೇ 10 ಇಂಚು ದಾಟುತ್ತದೆ, ಗಂಡು ಸ್ವಲ್ಪ ಚಿಕ್ಕದು. ಸಾಕುವವರ ರೂಢಿಯ ಲೆಕ್ಕ ಹೀಗಿದೆ: ಚಿಪ್ಪಿನ ಉದ್ದದ ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು. 10 ಇಂಚಿಗೆ 400 ಲೀಟರ್! ಅಷ್ಟು ನೀರಿನ ತೂಕವೇ 400 ಕಿಲೋ. ಚಾವಡಿಯ ಮರದ ಮೇಜು ಅದನ್ನು ತಡೆಯುವುದಿಲ್ಲ. ನೆಲದ ಮೇಲಿನ ಗಟ್ಟಿ ತೊಟ್ಟಿಯೋ ಅಂಗಳದ ಸಿಮೆಂಟ್ ತೊಟ್ಟಿಯೋ ವಾಸಿ. ಅಂಗಳದಲ್ಲಾದರೆ ಮೇಲೆ ಜಾಲರಿ ಹಾಕಲೇಬೇಕು. ಕಾಗೆ, ಬೆಕ್ಕು, ಮುಂಗುಸಿ ಸುಮ್ಮನಿರುವುದಿಲ್ಲ.

ನೀರಿನಷ್ಟೇ ಮುಖ್ಯ ಒಣಜಾಗ. ಆಮೆಯಿದ್ದರೆ ನೀರು ಚೊಕ್ಕ ಎಂದು ಬಾವಿಗೆ ಆಮೆ ಬಿಡುವ ವಾಡಿಕೆ ಹಿಂದೆ ಕೆಲವು ಮನೆಗಳಲ್ಲಿತ್ತು. ಅಜ್ಜ ಅಜ್ಜಿಯರಿಗೆ ನೆನಪಿರಬಹುದು. ಪಾಪ, ಬಾವಿಯಲ್ಲಿ ಹತ್ತಿ ಕೂರಲು ದಡವಿಲ್ಲ, ಬಿಸಿಲೂ ಇಳಿಯದು. ನೀರಾದರೂ ಚೊಕ್ಕವಾಗುತ್ತದೆಯೇ? ಆಮೆ ಉಂಡದ್ದೂ ವಿಸರ್ಜಿಸಿದ್ದೂ ಅದೇ ನೀರಿನಲ್ಲಿ. ನಮ್ಮ ತೊಟ್ಟಿಯಲ್ಲಿ ಒಂದು ಮೂಲೆ ನೀರಿಗಿಂತ ಮೇಲಿರಲಿ. ಇಳಿಜಾರಾಗಿ ಇಟ್ಟ ಮಂಗಳೂರು ಹಂಚಿನ ತುಂಡು ಸಾಕು. ಅಂಚನ್ನು ಉಜ್ಜಿ ನುಣುಪು ಮಾಡಿ, ಅಲುಗಾಡದಂತೆ ಭದ್ರವಾಗಿ ಕೂರಿಸಿ. ಜಾರಿದ ಹಂಚಿನ ಅಡಿ ಸಿಕ್ಕಿಬಿದ್ದರೆ ಆಮೆಯೂ ಮುಳುಗಿ ಸಾಯುತ್ತದೆ, ಏಕೆಂದರೆ ಅದು ಉಸಿರಾಡುವುದು ನಮ್ಮಂತೆ ಶ್ವಾಸಕೋಶದಿಂದ.

ಇನ್ನು ಶಾಖ. ಆಮೆ ಶೀತರಕ್ತ ಪ್ರಾಣಿ. ನಮ್ಮ ಮೈ ಒಳಗಿನಿಂದ ಬೆಚ್ಚಗಾಗುತ್ತದೆ, ಅದರ ಮೈ ಹೊರಗಿನಿಂದ. ಚಳಿಯಾದರೆ ತಿಂದದ್ದು ಜೀರ್ಣವಾಗದು. ನೀರು 24ರಿಂದ 27 ಡಿಗ್ರಿ, ಒಣಜಾಗ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. ನಮ್ಮ ಮಾಣಿಯ ಸೆಕೆಯಲ್ಲಿ ವರ್ಷದ ಹೆಚ್ಚಿನ ದಿನ ನೀರಿಗೆ ಹೀಟರ್ ಬೇಕಾಗದು. ಒಂದು ಥರ್ಮಾಮೀಟರ್ ಇಳಿಬಿಟ್ಟು ವಾರವಿಡೀ ಬರೆದಿಡಿ, ಆಮೇಲೆ ತೀರ್ಮಾನಿಸಿ. ಬೇಕಾದರೆ ಶಾಖ ಮಿತಿಯಲ್ಲಿಡುವ, ಸುತ್ತ ಕವಚವಿರುವ ಹೀಟರನ್ನೇ ತನ್ನಿ.

ಬೆಳಕಿನ ವಿಷಯ ಎಲ್ಲಕ್ಕಿಂತ ದೊಡ್ಡದು. ಆಮೆಯ ಚಿಪ್ಪು ಮನೆಯಲ್ಲ, ಮೈಯ ಭಾಗ. ಬೆನ್ನೆಲುಬು, ಪಕ್ಕೆಲುಬು ಅದಕ್ಕೇ ಅಂಟಿವೆ. ಆ ಎಲುಬಿಗೆ ಸುಣ್ಣದ ಅಂಶ ಸೇರಬೇಕಾದರೆ ಡಿ3 ವಿಟಮಿನ್ ಬೇಕು. ಅದನ್ನು ಚರ್ಮದಲ್ಲಿ ತಯಾರಿಸುವುದು ಬಿಸಿಲಿನಲ್ಲಿರುವ ಯುವಿಬಿ ಕಿರಣ. ಅದು ಸಿಗದಿದ್ದರೆ ಚಿಪ್ಪು ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಕಿಟಕಿಯ ಬಿಸಿಲು ಸಾಲದೇ? ಸಾಲದು. ಗಾಜು ಬೆಳಕನ್ನು ಬಿಡುತ್ತದೆ, ಯುವಿಬಿಯನ್ನು ಬಹುಪಾಲು ತಡೆಯುತ್ತದೆ. ಬೆಳಿಗ್ಗೆ 9ರ ಸುಮಾರಿಗೆ ಅರ್ಧ ಗಂಟೆ ಅಂಗಳದ ನೇರ ಬಿಸಿಲು ಒಳ್ಳೆಯದು. ಪಾತ್ರೆಯ ಅರ್ಧ ಭಾಗ ನೆರಳಿನಲ್ಲಿರಲಿ, ಹತ್ತಿರ ಒಬ್ಬರು ಕುಳಿತಿರಲಿ. ಗಾಜಿನ ಪೆಟ್ಟಿಗೆಯನ್ನೇ ಬಿಸಿಲಿಗಿಟ್ಟರೆ ಒಳಗೆ ಆಮೆ ಬೆಂದುಹೋದೀತು.

ಆದರೆ ಆಟಿ ತಿಂಗಳ ಮಳೆಯಲ್ಲಿ ಬಿಸಿಲೆಲ್ಲಿ? ಆಗ ಎರಡು ದೀಪ ಬೇಕು: ಒಣಜಾಗದ ಮೇಲೆ ಶಾಖ ಕೊಡುವ ಬಲ್ಬ್, ಜತೆಗೆ ಯುವಿಬಿ ದೀಪ. ಮಾಮೂಲಿ ಎಲ್‌ಇಡಿ ಬಲ್ಬಿನಿಂದ ಈ ಎರಡೂ ಕೆಲಸ ಆಗದು. ಹಗಲು 10–12 ಗಂಟೆ ಉರಿಸಿ, ರಾತ್ರಿ ಆರಿಸಿ. ಯುವಿಬಿ ದೀಪ ಹೊಳೆಯುತ್ತಲೇ ಇದ್ದರೂ ಅದರ ಕಿರಣದ ಬಲ ಕುಂದುತ್ತಾ ಹೋಗುತ್ತದೆ. ತಯಾರಕರು ಹೇಳಿದಂತೆ 6ರಿಂದ 12 ತಿಂಗಳಿಗೆ ಬದಲಿಸಿ. ಖರ್ಚಿನ ಲೆಕ್ಕವೂ ಇರಲಿ: 50 ವಾಟ್ ಬಲ್ಬ್ 10 ಗಂಟೆ ಉರಿದರೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್.

ನೀರು, ಕರೆಂಟು ಒಂದೇ ಕಡೆ ಇರುವಾಗ ಎಚ್ಚರ ಬೇಕು. ಪ್ಲಗ್ ತೊಟ್ಟಿಗಿಂತ ಎತ್ತರದಲ್ಲಿರಲಿ. ಇಲ್ಲವಾದರೆ ವಯರು ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮೇಲೇರಲಿ, ಹನಿ ಅಲ್ಲೇ ಕೆಳಗೆ ಬೀಳುತ್ತದೆ. ದೀಪ ನೀರಿಗೆ ಬೀಳದಂತೆ ಬಿಗಿಯಾಗಿರಲಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ. ಮಕ್ಕಳೇ, ಈ ಕೆಲಸ ದೊಡ್ಡವರದು. ಮಳೆಗೆ ಕರೆಂಟ್ ಹೋದರೆ ಗಾಬರಿ ಬೇಡ, ನಮ್ಮ ಹವೆಯಲ್ಲಿ ಕೆಲವು ಗಂಟೆ ಶಾಖವಿಲ್ಲದಿದ್ದರೂ ನಡೆಯುತ್ತದೆ. ಬಿಸಿನೀರು ಮಾತ್ರ ಸುರಿಯಬೇಡಿ.

ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯ ಇರಬಹುದು. ಆಮೆಗೆ ಅದರಿಂದ ತೊಂದರೆಯಿಲ್ಲ. ನಮಗೆ ವಾಂತಿಭೇದಿ, ಜ್ವರ. ಪುಟ್ಟ ಮಕ್ಕಳಿಗೂ ನನ್ನಂಥ ಮುದುಕರಿಗೂ ಅಪಾಯ ಹೆಚ್ಚು. ಇದೇ ಕಾರಣಕ್ಕೆ ಅಮೆರಿಕದಲ್ಲಿ 1975ರಿಂದ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನೇ ನಿಷೇಧಿಸಿದ್ದಾರೆ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ, ಮುತ್ತು ಕೊಡಬೇಡಿ, ತೊಟ್ಟಿಯ ಪಾತ್ರೆಗಳನ್ನು ಅಡುಗೆಮನೆಗೆ ಒಯ್ಯಬೇಡಿ.

ತೋಡಿನಲ್ಲಿ, ಗದ್ದೆಯಲ್ಲಿ ಸಿಕ್ಕ ಆಮೆಯನ್ನು, ತುಳುವಿನಲ್ಲಿ ನಾವು ಏಮೆ ಎನ್ನುವುದನ್ನು, ಮನೆಗೆ ತರಬೇಡಿ. ಅದಕ್ಕೆ ಅಲ್ಲೇ ಮನೆಯಿದೆ. ಬೆನ್ನಿನ ಮೇಲೆ ನಕ್ಷತ್ರದ ಚಿತ್ತಾರವಿರುವ ನಕ್ಷತ್ರ ಆಮೆಯನ್ನು ಯಾರಾದರೂ ಗುಟ್ಟಿನಲ್ಲಿ ಮಾರಲು ಬಂದರೆ ಕೊಳ್ಳಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಜೈಲು ಶಿಕ್ಷೆಯ ಅಪರಾಧ.

ಅಂಗಡಿಯ ಆಮೆ ಸಾಕಾಯಿತೆಂದು ನೇತ್ರಾವತಿಗೋ ಕೆರೆಗೋ ಬಿಡುವುದೂ ತಪ್ಪು. ಪುಣ್ಯವೆಂದು ಬಿಟ್ಟ ಪರದೇಶದ ಆಮೆ ನಮ್ಮ ಆಮೆಗಳ ಆಹಾರ, ಬಿಸಿಲು ಕಾಯುವ ಜಾಗ ಎರಡನ್ನೂ ಕಸಿಯುತ್ತದೆ, ರೋಗವನ್ನೂ ಹರಡಬಹುದು. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಸಾಕಲಾಗದಿದ್ದರೆ ಪಶುವೈದ್ಯರನ್ನೋ ಅರಣ್ಯ ಇಲಾಖೆಯವರನ್ನೋ ಕೇಳಿ.

ಕೊನೆಯ ಲೆಕ್ಕ ಇದು. ಚೆನ್ನಾಗಿ ನೋಡಿಕೊಂಡರೆ ಈ ಆಮೆ 20ರಿಂದ 30 ವರ್ಷ ಬದುಕುತ್ತದೆ. ನಿನಗೀಗ 9 ವರ್ಷವಾದರೆ ಅದಕ್ಕೆ 25 ತುಂಬುವಾಗ ನಿನಗೆ 34. ನೀನು ಕಾಲೇಜಿಗೆ, ಕೆಲಸಕ್ಕೆ ಬೇರೆ ಊರಿಗೆ ಹೋದಾಗ ನೀರು ಬದಲಿಸುವವರು ಯಾರು? ಅಜ್ಜ ಅಜ್ಜಿ ಅಷ್ಟು ವರ್ಷ ಇರುತ್ತಾರೆಯೇ? ಮನೆಯವರೆಲ್ಲ ಕುಳಿತು ಒಂದು ಹಾಳೆಯಲ್ಲಿ ಹೆಸರು ಬರೆಯಿರಿ: ಈಗ ಯಾರು, ಹತ್ತು ವರ್ಷದ ಮೇಲೆ ಯಾರು, ಇಪ್ಪತ್ತು ವರ್ಷದ ಮೇಲೆ ಯಾರು. ಮೂರೂ ಜಾಗ ತುಂಬಿದರೆ ಮಾತ್ರ ಆಮೆ ತನ್ನಿ. ಖಾಲಿ ಉಳಿದರೆ ಮಳೆ ಬಿಟ್ಟ ಮೇಲೆ ಕೆರೆಯ ದಂಡೆಗೆ ಹೋಗಿ, ಬಂಡೆ ಮೇಲೆ ಬಿಸಿಲು ಕಾಯುವ ಆಮೆಯನ್ನು ಸದ್ದು ಮಾಡದೆ ನೋಡಿ ಬನ್ನಿ. ಅದಕ್ಕೆ ದೀಪವೂ ಬೇಡ, ಹೀಟರೂ ಬೇಡ.