ಗೇಣುದ್ದದ ಪೈಪು, ಮೂವತ್ತೆರಡು ಸಾವಿರದ ಪಂಪು

ಇಲ್ಲಿ ಏನೂ ಬರೆಯದೇ ಎರಡು ತಿಂಗಳಾಯ್ತು. ಆಫೀಸು, ಮಗಳ ಪರೀಕ್ಷೆ ಅಂತ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಬರೆಯುವಂಥದ್ದು ಏನೂ ಆಗಿರಲಿಲ್ಲ. ಮೊನ್ನೆ ಕೆಂಚನಗುಡ್ಡದಲ್ಲಿ ಆಯ್ತು.

ಗೊತ್ತಿಲ್ಲದವರಿಗೆ: ಕೆಂಚನಗುಡ್ಡ ಅಂದರೆ ನಮ್ಮ ಸಿರುಗುಪ್ಪ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಊರು. ಹೊಳೆಗೆ ಅಡ್ಡಲಾಗಿ ವಿಜಯನಗರದ ಕಾಲದ ಅಣೆಕಟ್ಟು, ಸುತ್ತ ಭತ್ತದ ಗದ್ದೆ. ಅಮ್ಮನಿಗೆ ಹೊಳೆ ನೋಡಬೇಕು ಅನ್ನಿಸಿತ್ತು. ಬಳ್ಳಾರಿಯಿಂದ ತೆಕ್ಕಲಕೋಟೆ ದಾಟಿ ಬೆಳಿಗ್ಗೆಯೇ ಹೋದೆವು. ವಾಪಸ್ ಬರುವಾಗ ಕಾಲುವೆ ಪಕ್ಕದ ಸಣ್ಣ ರಸ್ತೆಯಲ್ಲಿ ಎದುರಿಗೆ ಭತ್ತದ ಮೂಟೆ ಹೇರಿಕೊಂಡ ಟ್ರಾಕ್ಟರ್ ಬಂತು. ನಾನೇ ಹಿಂದೆ ಸರಿಯೋಣ ಅಂತ ರಿವರ್ಸ್ ಹಾಕಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದೆ.

ಇಂಜಿನ್ ಆಫ್.

ಆಫ್ ಆದ ಕ್ಷಣವೇ ಸ್ಟೀರಿಂಗ್ ಬೀಸುಕಲ್ಲಿನಷ್ಟು ಭಾರ. ಕಾರು ಮಾತ್ರ ಇಳಿಜಾರಿನಲ್ಲಿ ಮೆಲ್ಲಗೆ ಹಿಂದಕ್ಕೆ, ಕಾಲುವೆ ಕಡೆಗೆ. ಬ್ರೇಕ್ ಒತ್ತಿದೆ, ಹಿಡಿಯಿತು. ಗಾಬರಿಯಲ್ಲಿ ಕಾಲು ಎತ್ತಿ ಮತ್ತೆ ಒತ್ತಿದೆ, ಅರ್ಧ ಹಿಡಿಯಿತು. ಮೂರನೇ ಸಲ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ. ಕೊನೆಗೆ ಹ್ಯಾಂಡ್‌ಬ್ರೇಕ್ ಎಳೆದಾಗ ನಿಂತಿತು. ಇಳಿದು ನೋಡಿದರೆ ಹಿಂದಿನ ಚಕ್ರಕ್ಕೂ ಕಾಲುವೆಯ ಅಂಚಿಗೂ ಎರಡು ಮಾರು ಜಾಗ. ಹಿಂದಿನ ಸೀಟಿನಲ್ಲಿದ್ದ ಅಮ್ಮನಿಗೆ ಏನೂ ಗೊತ್ತಾಗಲಿಲ್ಲ. "ಯಾಕೋ ನಿಲ್ಲಿಸಿದಿ?" ಅಂದಳು.

ಇದು ಏಕಾಏಕಿ ಆಗಿದ್ದಲ್ಲ, ಹಾಗಾಗಿ ತಪ್ಪು ನನ್ನದೂ ಇದೆ. ಒಂದು ತಿಂಗಳಿಂದ ಇಂಜಿನ್ ನಿಂತಲ್ಲೇ ಏರಿಳಿಯುತ್ತಿತ್ತು, ಸ್ಟೀರಿಂಗ್ ತಿರುಗಿಸಿದಾಗ ಸುಸ್ತಾಗುತ್ತಿತ್ತು. ಬಳ್ಳಾರಿಯ ಒಂದು ವರ್ಕ್‌ಶಾಪಿಗೆ ತೋರಿಸಿದ್ದೆ. ಹತ್ತು ನಿಮಿಷದಲ್ಲಿ ತೀರ್ಪು ಬಂತು: ಪವರ್ ಸ್ಟೀರಿಂಗ್ ಪಂಪ್ ಹೋಗಿದೆ, ಪೂರ್ತಿ ಅಸೆಂಬ್ಲಿ ಬದಲಿಸಬೇಕು, 32,000 ರೂಪಾಯಿ. ಜೊತೆಗೆ ಉಚಿತ ಸಲಹೆ: "2004ರ ಗಾಡಿಗೆ ಯಾಕೆ ಸಾರ್ ಇಷ್ಟೆಲ್ಲ, ಎಕ್ಸ್‌ಚೇಂಜ್ ಮಾಡ್ಬಿಡಿ." ಯೋಚಿಸಿ ಹೇಳ್ತೀನಿ ಅಂತ ಬಂದಿದ್ದೆ. ಯೋಚನೆ ಕಾಲುವೆ ತನಕ ಬಂತು :-)

ಟ್ರಾಕ್ಟರಿನವರು ಕಾರನ್ನು ರಸ್ತೆಗೆ ತಳ್ಳಿಕೊಟ್ಟರು. ಆಕ್ಸಿಲರೇಟರ್ ಮೇಲೆ ಕಾಲಿಟ್ಟುಕೊಂಡೇ ಸಿರುಗುಪ್ಪ ಮುಟ್ಟಿದೆ. ಅಲ್ಲಿ ಟ್ರಾಕ್ಟರ್ ರಿಪೇರಿ ಮಾಡುವ ಒಬ್ಬರು ಬಾನೆಟ್ ಎತ್ತಿದರು. ಕೈ ಹಾಕಲಿಲ್ಲ, ಸುಮ್ಮನೆ ಕಿವಿ ಕೊಟ್ಟು ನಿಂತರು. "ಕೇಳಸ್ತೈತೇನ್ರೀ? ಸ್ಸ್ ಅನ್ನಾಕ್ಹತ್ತೈತಿ. ಇದು ಎಣ್ಣಿ ರೋಗ ಅಲ್ರೀ, ಗಾಳಿ ರೋಗ." ಪಂಪಿನಿಂದ ಇಂಜಿನ್ ಕಡೆಗೆ ಹೋಗುವ ಕಿರುಬೆರಳಿನಷ್ಟು ದಪ್ಪದ ರಬ್ಬರ್ ಪೈಪೊಂದನ್ನು ಇಂಜಿನ್ನಿಗೆ ಹತ್ತಿರದ ತುದಿಯಲ್ಲಿ ಇಕ್ಕಳದಿಂದ ಮೆಲ್ಲಗೆ ಹಿಸುಕಿದರು. ಇಂಜಿನ್ ಒಂದೇ ಸಲಕ್ಕೆ ಸಮಾಧಾನವಾಯ್ತು. ಬಿಟ್ಟರೆ ಮತ್ತೆ ಏರಿಳಿತ. ಪೈಪಿನ ಅಡಿಭಾಗದಲ್ಲಿ, ಮೇಲಿನಿಂದ ಕಾಣದ ಕಡೆ, ಉದ್ದಕ್ಕೂ ಬಿರುಕು.

ನನಗೆ ಆಗ ಅರ್ಥವಾದದ್ದನ್ನು ಹೇಳುತ್ತೇನೆ. ಹಳೇ ಹೈಡ್ರಾಲಿಕ್ ಪವರ್ ಸ್ಟೀರಿಂಗಿನಲ್ಲಿ ಎಣ್ಣೆ ಪಂಪನ್ನು ತಿರುಗಿಸುವುದು ಇಂಜಿನ್ನೇ, ಬೆಲ್ಟಿನ ಮೂಲಕ. ನಿಂತಲ್ಲಿ ಸ್ಟೀರಿಂಗ್ ತಿರುಗಿಸಿದರೆ ಇಂಜಿನ್ ಮೇಲೆ ಭಾರ ಬೀಳುತ್ತೆ. ಇಂಜಿನ್ ನಿಂತುಹೋಗದಿರಲಿ ಅಂತ ಕೆಲವು ಪೆಟ್ರೋಲ್ ಕಾರುಗಳಲ್ಲಿ ಪಂಪಿನ ಮೇಲೆ ಒಂದು ಸಣ್ಣ ವಾಲ್ವ್ ಇಟ್ಟಿರುತ್ತಾರೆ. ಎಣ್ಣೆಯ ಒತ್ತಡ ಏರಿದಾಗ ಅದು ತೆರೆದುಕೊಂಡು ಇಂಜಿನ್ನಿಗೆ ಸ್ವಲ್ಪ ಹೆಚ್ಚು ಗಾಳಿ ಬಿಡುತ್ತೆ, ಇಂಜಿನ್ ಚೂರು ಚುರುಕಾಗುತ್ತೆ. ಆ ಗಾಳಿಯ ದಾರಿಯೇ ಈ ಪೈಪು. ಅದು ಒಡೆದರೆ ಲೆಕ್ಕಕ್ಕೆ ಸಿಗದ ಗಾಳಿ ಸದಾ ಒಳಗೆ ಹೋಗುತ್ತಿರುತ್ತೆ, ಬೇಕಾದಾಗ ಸಿಗಬೇಕಾದ ಸಹಾಯ ಸಿಗೋದಿಲ್ಲ. ಇನ್ನು ಬ್ರೇಕಿನ ಬೂಸ್ಟರ್ ಕೆಲಸ ಮಾಡೋದೂ ಇಂಜಿನ್ ಎಳೆಯುವ ಇದೇ ಹೀರುಗಾಳಿಯಿಂದ. ಇಂಜಿನ್ ನಿಂತರೆ ಒಂದೆರಡು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತೆ. ಅದಕ್ಕೇ ಬ್ರೇಕನ್ನು ಒತ್ತಿ ಹಿಡಿದುಕೊಳ್ಳಬೇಕು, ನನ್ನ ಹಾಗೆ ಎತ್ತಿ ಎತ್ತಿ ಒತ್ತಬಾರದು. ಸ್ಟೀರಿಂಗ್ ಭಾರವಾಗುತ್ತೆ ಅಷ್ಟೇ, ಎರಡೂ ಕೈಯಲ್ಲಿ ಎಳೆದರೆ ತಿರುಗುತ್ತೆ.

ಸರಿಯಾದ ಪೈಪ್ ಅವರ ಹತ್ತಿರ ಇರಲಿಲ್ಲ. ಹುಡುಗನನ್ನು ಅಂಗಡಿಗೆ ಕಳಿಸಿ, ಅಷ್ಟರಲ್ಲಿ ಇಂಜಿನ್ ಕಡೆಯ ತೂತಿಗೆ ಒಂದು ರಬ್ಬರ್ ಮುಚ್ಚಳ ಹಾಕಿ ಕ್ಲಿಪ್ ಬಿಗಿದರು. "ಇದು ಸ್ಟಾಪ್ ಲಾಗ್ ರೀ" ಅಂದು ನಕ್ಕರು. ನಮ್ಮ ಕಡೆಯವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದ್ದರು. ಆ ವಾರ ಸಿರುಗುಪ್ಪದಲ್ಲಿ ಚಹಾ ಅಂಗಡಿಯವರೂ ಇಂಜಿನಿಯರುಗಳೇ. ಮುಚ್ಚಳ ಹಾಕಿದ ಮೇಲೆ ಏರಿಳಿತ ನಿಂತಿತು. ಆದರೆ ನಿಂತಲ್ಲಿ ತಿರುಗಿಸುವಾಗ ಆಕ್ಸಿಲರೇಟರ್ ಸ್ವಲ್ಪ ಕೊಡಬೇಕು, ಊರು ಮುಟ್ಟುವಷ್ಟಕ್ಕೆ ಮಾತ್ರ ಅಂದರು. ಸೈಕಲ್ ಟ್ಯೂಬೋ ನೀರಿನ ಪೈಪೋ ಹಾಕಬಾರದಂತೆ, ಇಂಜಿನ್ ಹೀರಿದರೆ ಚಪ್ಪಟೆಯಾಗುತ್ತೆ.

ಹಳೇ ಪೈಪನ್ನು ಬಿಚ್ಚಿ ಒಳಗೆ ಬೆರಳಾಡಿಸಿ ನೋಡಿದರು. ಒಣಗಿತ್ತು. "ಒಳಗ ಎಣ್ಣಿ ಇದ್ದಿದ್ರ ವಾಲ್ವ್ ಹೋಗೇತಿ ಅಂತ ಅರ್ಥ. ಆವಾಗ ಬರೇ ಪೈಪ್ ಬದಲಿಸಿದ್ರ ಉಪಯೋಗಿಲ್ಲ, ಬಿಳಿ ಹೊಗಿ ಬರ್ತೈತಿ." ಹೊಸ ಪೈಪ್ 180 ರೂಪಾಯಿ. ಕೂಲಿ 50.

ಈಗ ನನ್ನ ತಕರಾರಿಗೆ ಬರ್ತೀನಿ. ಮನೆಗೆ ಬಂದು ಆ ವರ್ಕ್‌ಶಾಪಿನವರನ್ನು ಚೆನ್ನಾಗಿ ಬೈದೆ, ಮನಸ್ಸಿನಲ್ಲೇ. ಮೋಸಗಾರರು ಅಂದೆ. ಆಮೇಲೆ ಅವರ ಎಸ್ಟಿಮೇಟನ್ನೇ ಇಟ್ಟುಕೊಂಡು ಕೂತೆ. ಪಾರ್ಟಿಗೆ ಒಂದು ಸಾಲಿದೆ, ಎಣ್ಣೆಗೆ ಒಂದು ಸಾಲಿದೆ, ಬಿಚ್ಚಿ ಹಾಕುವುದಕ್ಕೆ ಒಂದು ಸಾಲಿದೆ. ಏನಾಗಿದೆ ಅಂತ ಹುಡುಕುವುದಕ್ಕೆ ಸಾಲೇ ಇಲ್ಲ! ಅರ್ಧ ಗಂಟೆ ಕಿವಿಗೊಟ್ಟು ಬಿರುಕು ಕಂಡುಹಿಡಿದ ಹುಡುಗನಿಂದ ಅಂಗಡಿಗೆ 230 ರೂಪಾಯಿ, ಹತ್ತು ನಿಮಿಷದಲ್ಲಿ ಪಂಪ್ ಅಂದವನಿಂದ 32,000. ಹೀಗಿದ್ದರೆ ಯಾವ ಹುಡುಗ ಕಿವಿಗೊಡುವುದನ್ನು ಕಲಿತಾನು?

ಮತ್ತು ಈ ಪದ್ಧತಿ ತಂದವರು ನಾವೇ ಅಂತ ನನ್ನ ಅನಿಸಿಕೆ. ಪಾರ್ಟಿನ ಡಬ್ಬಿಯ ಮೇಲೆ ಎಂಆರ್‌ಪಿ ಇದ್ದರೆ ಮಾತಿಲ್ಲದೆ ಕೊಡ್ತೀವಿ. "ನೋಡಿದ್ದಕ್ಕೆ 500" ಅಂದರೆ ಜಗಳಕ್ಕೆ ನಿಲ್ತೀವಿ. "ಏನೂ ಬದಲಿಸಲೇ ಇಲ್ಲ, ದುಡ್ಡು ಯಾಕೆ?" ಅಂತ ನಾನೇ ಕೇಳಿದ್ದೇನೆ, ಇದೇ ಕಾರಿಗೆ, ಮೂರು ವರ್ಷದ ಹಿಂದೆ. ಡಾಕ್ಟರಿಗೆ ನೋಡಿದ್ದಕ್ಕೆ ಫೀಸು ಕೊಡೋ ನಾವು ಮೆಕ್ಯಾನಿಕ್ಕಿಗೆ ಯಾಕೆ ಕೊಡಲ್ಲ?

"ಹಳೇ ಗಾಡಿ ಮಾರಿಬಿಡಿ" ಅನ್ನೋರಿಗೂ ಒಂದು ಮಾತು. ಇದರ ನೋಂದಣಿ ನವೀಕರಣಕ್ಕೆ 2019ರಲ್ಲಿ ಶುಲ್ಕ 600 ಇತ್ತು, 2024ರಲ್ಲಿ 5,000 ಕೊಟ್ಟೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರಿಂದ 10,000. ಗ್ರೀನ್ ಟ್ಯಾಕ್ಸ್ ಬೇರೆ. ಸರ್ಕಾರಕ್ಕೆ ಇದು ಬೇಡವಾಗಿದೆ ಅನ್ನೋದು ಗೊತ್ತು, ಹೊಗೆಯ ವಿಷಯದಲ್ಲಿ ಅವರ ಮಾತಿನಲ್ಲಿ ನ್ಯಾಯವೂ ಇದೆ. ಆದರೆ ಬಿರುಕು ಬಿಟ್ಟ ಪೈಪಿನಿಂದಾಗಿ ಹೊಗೆ ಹೆಚ್ಚಾಗುವ ಕಾರನ್ನು ಗುಜರಿಗೆ ಹಾಕುವ ಮೊದಲು ಪೈಪ್ ನೋಡಬೇಕಲ್ಲವೇ? ಗೆಳೆಯನೊಬ್ಬ ಫೋನಿನಲ್ಲಿ ಎಲ್ಲ ಎಥೆನಾಲ್ ಪೆಟ್ರೋಲಿನ ಮಹಿಮೆ ಅಂದ. ಹಳೇ ಗಾಡಿಗಳ ಕೆಲವು ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದು ಅಂತ 2025ರಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿದ್ದು ನಿಜ. ಆದರೆ ಈ ಪೈಪಿನಲ್ಲಿ ಹರಿಯೋದು ಪೆಟ್ರೋಲ್ ಅಲ್ಲ, ಗಾಳಿ. ಇದನ್ನು ಕೊಂದದ್ದು ವಯಸ್ಸು, ಮತ್ತು 40 ಡಿಗ್ರಿ ದಾಟುವ ನಮ್ಮ ಬಳ್ಳಾರಿ ಬೇಸಿಗೆಯಲ್ಲಿ ಬಾನೆಟ್ ಒಳಗಿನ ಶಾಖ.

ಅವತ್ತು ಸಿರುಗುಪ್ಪದಲ್ಲಿ 230ರ ಬದಲು 700 ಕೊಟ್ಟೆ. ಅವರು ತೆಗೆದುಕೊಳ್ಳಲು ಒಪ್ಪಲಿಲ್ಲ. "ಪೈಪಿಂದು ಅಷ್ಟೇ ರೀ" ಅಂದರು. ನೋಡಿದ್ದಕ್ಕೆ ಅಂದೆ. ವಿಚಿತ್ರವಾಗಿ ನನ್ನ ಮುಖ ನೋಡಿ ಜೇಬಿಗಿಟ್ಟುಕೊಂಡರು.

ಬ್ರೇಕ್ ಬೂಸ್ಟರಿನ ಪೈಪೂ ಅದೇ ವಯಸ್ಸಿನದು. ಅದನ್ನು ತೋರಿಸೋಕೆ ಈ ಭಾನುವಾರ ಮತ್ತೆ ಸಿರುಗುಪ್ಪಕ್ಕೆ ಹೊರಟಿದ್ದೇನೆ. ಅಮ್ಮನೂ ಬರ್ತಾಳಂತೆ. ಹೊಳೆ ಸರಿಯಾಗಿ ನೋಡೋಕೆ ಆಗಲಿಲ್ಲವಂತೆ.